ಜೋಹರಾಳ ಕಾರಿನ ಸಹಾಯಧನ ಮತ್ತು ನನ್ನ ಇಪ್ಪತ್ತೆರಡು ವರ್ಷಗಳ ಅನುಭವ

ವಿದ್ಯುತ್ ವಾಹನಗಳ ಸಹಾಯಧನ ಮಂಜೂರು ಮಾಡುವ ಅಧಿಕಾರಿಗಳಿಗೆ,

ಮಾನ್ಯರೇ,

ಬೇವೂರಿನ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡುವ ಜೋಹರಾ ಎಂಬ ಹೆಣ್ಣುಮಗಳು ಮೂರು ವರ್ಷಗಳ ಹಿಂದೆ, ಅಂದರೆ ೨೦೦೫ರಲ್ಲಿ, ಬ್ಯಾಟರಿಯಿಂದ ಓಡುವ ಒಂದು ಸಣ್ಣ ಕಾರು ಕೊಂಡಳು. ಅದಕ್ಕೆ ಬರಬೇಕಾಗಿದ್ದ ಸಹಾಯಧನದ ಅರ್ಜಿಯನ್ನು ತಾವು ಕಳೆದ ವಾರ ಎರಡನೆಯ ಸಲ ತಿರಸ್ಕರಿಸಿದ್ದೀರಿ. ಕಾರಣ ಒಂದೇ ಸಾಲು: 'ವಿಳಂಬಕ್ಕೆ ಸಕಾರಣ ಕಂಡುಬಂದಿಲ್ಲ.' ಮಾನ್ಯರೇ, ಆ ಕಾರಣ ನಾನು. ಐದೂವರೆ ಅಡಿ ಎತ್ತರ, ಎಪ್ಪತ್ತೆಂಟು ಕಿಲೋ ತೂಕ, ನವನಗರದ ಮುಖ್ಯ ರಸ್ತೆಯಲ್ಲಿ 'ಯಂಕಪ್ಪ, ತೆರಿಗೆ ಸಲಹೆಗಾರರು, ಇಪ್ಪತ್ತೆರಡು ವರ್ಷಗಳ ಅನುಭವ' ಎಂದು ಕೆಂಪು ಅಕ್ಷರದ ಫಲಕ. ಇಷ್ಟು ದೊಡ್ಡ ಕಾರಣ ತಮ್ಮ ಕಚೇರಿಗೆ ಎರಡೆರಡು ಸಲ ಕಾಣದೆ ಹೋದದ್ದು ಹೇಗೆ?

ತಮಗೆ ಕಾಣಲಿ ಎಂದೇ ಇದನ್ನು ಪತ್ರಿಕೆಗೆ ಬರೆಯುತ್ತಿದ್ದೇನೆ. ಊರವರೂ ಓದುತ್ತಾರೆ ಎಂಬುದು ಗೊತ್ತಿದೆ. ನನ್ನ ಗಿರಾಕಿಗಳು ಓದುತ್ತಾರೆ ಎಂಬುದನ್ನು ಹೆಂಡತಿ ಮಹಾನಂದಾ ಈಗಾಗಲೇ ಮೂರು ಸಲ ನೆನಪಿಸಿದ್ದಾಳೆ.

ಜೋಹರಾ ಮತ್ತು ನಾವು ಹಳೆ ಬಾಗಲಕೋಟೆಯಲ್ಲಿ ಒಂದೇ ಓಣಿಯವರು. ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಎಲ್ಲರೂ ನವನಗರಕ್ಕೆ ಬಂದಾಗ ನಮ್ಮ ಮನೆಗಳು ಎರಡು ಸೆಕ್ಟರ್ ದೂರವಾದವು, ಅಷ್ಟೇ. ಅವಳಿಗೆ ಎರಡು ವರ್ಷವಿದ್ದಾಗ ಪೋಲಿಯೋ ಬಂದು ಎಡಗಾಲು ಸೋತಿತು. ಆ ಕಾಲಿಗೆ ಕ್ಲಚ್ ಒತ್ತುವ ಶಕ್ತಿ ಇಲ್ಲ. ಬಸ್ಸಿನ ಮೊದಲ ಮೆಟ್ಟಿಲು ಹತ್ತಬೇಕಾದರೆ ಎರಡೂ ಕೈಯಿಂದ ಕಂಬ ಹಿಡಿದು, ಮೈಯನ್ನು ಮೇಲಕ್ಕೆ ಎಳೆದುಕೊಳ್ಳಬೇಕು. ಹಿಂದಿನವರು ದಬ್ಬಿದರೆ ಬೀಳಬೇಕು. ಹದಿನಾಲ್ಕು ವರ್ಷ ಹೀಗೆಯೇ ಬೇವೂರಿಗೆ ಹೋಗಿ ಬಂದಳು. ಒಂದು ಸಲ ಬಿದ್ದು ಮುಂಗೈ ಮುರಿದುಕೊಂಡಳು. ಅದರ ಮರುವಾರ ಪತ್ರಿಕೆಯಲ್ಲಿ ಬ್ಯಾಟರಿ ಕಾರಿನ ಜಾಹೀರಾತು ಬಂತು. ಗೇರಿಲ್ಲ, ಕ್ಲಚ್ಚಿಲ್ಲ, ಬಲಗಾಲು ಒಂದೇ ಸಾಕು. ಪ್ಲಾಸ್ಟರ್ ಹಾಕಿದ ಕೈಯಲ್ಲೇ ಆ ಹಾಳೆ ಹಿಡಿದುಕೊಂಡು ನನ್ನ ಕಚೇರಿಗೆ ಬಂದಳು.

"ಕಾಕಾ, ಸರಕಾರದಿಂದ ಇದಕ್ಕ ಏನೋ ಸೌಲತ್ತು ಐತಂತ. ಖರೇನ್ರಿ?"

ಮಾನ್ಯರೇ, ಆ ಹೊತ್ತಿಗೆ ನಾನು 'ನೋಡಿ ಹೇಳ್ತೇನಿ' ಎಂದಿದ್ದರೆ ಈ ಪತ್ರವೇ ಇರುತ್ತಿರಲಿಲ್ಲ. ಆದರೆ ಫಲಕದ ಮೇಲೆ ಇಪ್ಪತ್ತೆರಡು ವರ್ಷದ ಅನುಭವ ಬರೆಸಿಕೊಂಡವನಿಗೆ ನೋಡಿ ಹೇಳುವುದು ಎಲ್ಲಿಯ ಮಾತು? ಕುರ್ಚಿಗೆ ಒರಗಿ, ಕನ್ನಡಕ ತೆಗೆದು ಒರೆಸಿ, ನೋಡದೆಯೇ ಹೇಳಿದೆ.

"ಐತಿ ತಂಗಿ. ಕಾರಿನ ಬೆಲ್ಯಾಗ ಒಂದು ಪಾಲು ವಾಪಸ್ ಬರ್ತೈತಿ. ನೀ ಗಾಡಿ ತಗೋ, ಉಳಿದದ್ದು ನಾ ನೋಡ್ಕೋತೇನಿ."

"ಖರೇನ ಬರ್ತೈತೇನ್ರಿ? ಮೂರು ವರ್ಷಕ್ಕ ಬ್ಯಾಟರಿ ಬದಲಿ ಮಾಡಬೇಕಂತ. ಭಾಳ ತುಟ್ಟಿ ಅಂತ. ಆ ರೊಕ್ಕ ಬಂದ್ರ ಮುಟ್ಟದಂಗ ಬ್ಯಾಟರಿಗಿ ಅಂತನ ಇಟ್ಟುಬಿಡ್ತೇನಿ. ಬರಂಗಿಲ್ಲಂದ್ರ ಈಗ ಹೇಳ್ರಿ, ನಾ ಈ ಗಾಡಿ ಆಸೆನ ಬಿಡ್ತೇನಿ."

"ನಾ ಇಲ್ಲೇನು?" ಎಂದೆ. ನಾನಿದ್ದೆ. ಅದೇ ತೊಂದರೆಯಾಯಿತು.

ಹುಬ್ಬಳ್ಳಿಯಲ್ಲಿ ಕೊಂಡ ಕಾರು ಲಾರಿಯ ಮೇಲೆ ಬಂತು, ಏಕೆಂದರೆ ಒಮ್ಮೆ ಚಾರ್ಜು ಮಾಡಿದರೆ ಅದು ಅಷ್ಟು ದೂರ ಓಡುವುದಿಲ್ಲ. ಓಣಿಯೆಲ್ಲ ನೆರೆಯಿತು. ಪಕ್ಕದ ಮನೆಯ ಬಸವಂತ ಸುತ್ತು ಹಾಕಿ ನೋಡಿ, "ಹೊಗಿ ಎಲ್ಲಿಂದ ಬರ್ತೈತಿ ಇದಕ್ಕ?" ಎಂದು ಕೇಳಿದ. ಬರುವುದಿಲ್ಲ ಎಂದಾಗ ನಂಬಲಿಲ್ಲ, ಬಗ್ಗಿ ನೋಡಿದ. ಜೋಹರಾ ಒಂದು ತಿಂಗಳು ಖಾಲಿ ನಿವೇಶನಗಳ ನಡುವಿನ ರಸ್ತೆಯಲ್ಲಿ ಕಲಿತಳು. ಮೊದಲ ದಿನ ಬೇವೂರಿಗೆ ಹೋಗಿ ಬಂದವಳು ನೇರ ನಮ್ಮ ಮನೆ ಮುಂದೆ ನಿಲ್ಲಿಸಿ, ಮಹಾನಂದಾಳನ್ನು ಕೂರಿಸಿಕೊಂಡು ಎರಡು ಸುತ್ತು ಹೊಡೆದಳು. "ಸಪ್ಪಳನ ಇಲ್ಲ, ನೀರಿನ ಮ್ಯಾಲ ಹೋದಂಗ ಆತು" ಎಂದಳು ನನ್ನ ಹೆಂಡತಿ. ಇದೆಲ್ಲ ನನ್ನಿಂದಲೇ ಆಯಿತು ಎಂಬ ಭಾವದಲ್ಲಿ ನಾನು ಗೇಟಿಗೆ ಒರಗಿ ನಿಂತಿದ್ದೆ. ಅವಳ ಸಂಬಳ, ಅವಳ ಸಾಲ, ಅವಳ ಕಾಲು. ಹೆಮ್ಮೆ ಮಾತ್ರ ನನ್ನದು.

ಇನ್ನು ತಮ್ಮ ಆದೇಶದ ವಿಷಯ. ಅದರ ಶೀರ್ಷಿಕೆಯಲ್ಲಿ 'ಪ್ರೋತ್ಸಾಹ' ಎಂದಿದೆ, ಮೊದಲ ಪುಟದಲ್ಲಿ 'ತೆರಿಗೆ ರಿಯಾಯಿತಿ', ಎರಡನೆಯದರಲ್ಲಿ 'ವಿನಾಯಿತಿ', ಮೂರನೆಯದರಲ್ಲಿ 'ಸಹಾಯಧನ'. ಬರೆದವರಿಗೆ ಒಂದೇ ಪದ ಮತ್ತೆ ಮತ್ತೆ ಬರಬಾರದು ಎಂಬ ಸಾಹಿತ್ಯದ ಆಸೆ ಇತ್ತೇನೋ. ಆದರೆ ಇವು ಒಂದೇ ಅಲ್ಲ ಎಂಬುದು ತಮಗೆ ಗೊತ್ತು, ನನಗೂ ಗೊತ್ತಿರಬೇಕಾಗಿತ್ತು. ವಿನಾಯಿತಿ ಎಂದರೆ ಆ ತೆರಿಗೆಯನ್ನು ನೀವು ಕಟ್ಟುವುದೇ ಬೇಡ. ಜೋಹರಾಳಿಗೆ ರಸ್ತೆ ತೆರಿಗೆಯಲ್ಲಿ ಅದು ನೋಂದಣಿಯ ದಿನವೇ ಸಿಕ್ಕಿತು, ನನ್ನ ಸಲಹೆ ಇಲ್ಲದೆ, ಆದ್ದರಿಂದಲೇ ಸಿಕ್ಕಿತು. ತೆರಿಗೆ ರಿಯಾಯಿತಿ ಎಂದರೆ ವರ್ಷದ ಕೊನೆಗೆ ನೀವು ಕಟ್ಟಬೇಕಾದ ತೆರಿಗೆಯಲ್ಲಿ ಇಷ್ಟು ಕಳೆಯುತ್ತಾರೆ; ನಿಮ್ಮ ತೆರಿಗೆಯೇ ಅಷ್ಟಿಲ್ಲದಿದ್ದರೆ ಉಳಿದದ್ದು ನಿಮ್ಮ ಕೈಗೆ ಬರುವುದಿಲ್ಲ. ಅಂದರೆ ಹೆಚ್ಚು ಗಳಿಸುವವನಿಗೆ ಪೂರ್ತಿ ಲಾಭ, ಕಡಿಮೆ ಗಳಿಸುವವನಿಗೆ ಚೂರು. ಸಹಾಯಧನ ಹಾಗಲ್ಲ. ನಿಮಗೆ ತೆರಿಗೆ ಇರಲಿ, ಇಲ್ಲದಿರಲಿ, ಕಾರು ಕೊಂಡವರಿಗೆ ಬರುವ ಹಣ ಅದು. ಅದನ್ನು ಯಾರೂ ತಾವಾಗಿ ಕೊಡುವುದಿಲ್ಲ. ಅರ್ಜಿ ಹಾಕಬೇಕು, ಕಾರು ಮಾರಿದವರ ಸಹಿ ಬೇಕು, ಗಡುವಿನೊಳಗೆ ಮುಟ್ಟಬೇಕು.

ನಾನು 'ತೆರಿಗೆ' ಎಂಬ ಪದ ಕಂಡ ಕೂಡಲೇ ಮುಂದೆ ಓದುವುದನ್ನು ನಿಲ್ಲಿಸಿದೆ. ತೆರಿಗೆ ನನ್ನ ರಾಜ್ಯವಲ್ಲವೇ? ಇದು ಆದಾಯ ತೆರಿಗೆಯ ಪತ್ರದಲ್ಲಿ ತುಂಬುವ ರಿಯಾಯಿತಿ ಎಂದು ತೀರ್ಮಾನಿಸಿ, ಅವಳ ಕಾಗದಗಳನ್ನೆಲ್ಲ ಒಂದು ಹಸಿರು ಫೈಲಿನಲ್ಲಿ ಹಾಕಿ, ದಾರ ಕಟ್ಟಿ, ಆ ಪತ್ರ ಸಲ್ಲಿಸುವ ತಿಂಗಳಾದ ಮುಂದಿನ ವರ್ಷದ ಜುಲೈವರೆಗೆ ಕಪಾಟಿನಲ್ಲಿ ಮಲಗಿಸಿದೆ. ಗಡುವು ಕಾರು ಕೊಂಡ ದಿನದಿಂದ ಮೂರು ತಿಂಗಳು. ಅದು ಆದೇಶದ ಮೂರನೆಯ ಹಾಳೆಯ ಹಿಂಬದಿಯಲ್ಲಿ, ಟಿಪ್ಪಣಿಯಾಗಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿದೆ. ನನ್ನ ಬಳಿ ಇದ್ದ ಝೆರಾಕ್ಸಿನಲ್ಲಿ ಹಿಂಬದಿಯೇ ಇರಲಿಲ್ಲ. ಹಾಳೆ ಮಡಿಸುವಾಗ ಕೊನೆಯ ವಾಕ್ಯ ಅರ್ಧಕ್ಕೆ ನಿಂತದ್ದು ಕಂಡಿತು. ಸರಕಾರದ ವಾಕ್ಯಗಳು ಹಾಗೆಯೇ ಎಂದುಕೊಂಡೆ.

೨೦೦೬ರ ಜುಲೈನಲ್ಲಿ ಅವಳ ತೆರಿಗೆ ಪತ್ರ ತುಂಬಲು ಕುಳಿತಾಗ ಆ ರಿಯಾಯಿತಿಗೆ ಅದರಲ್ಲಿ ಕಾಲಮ್ಮೇ ಇಲ್ಲ ಎಂದು ತಿಳಿಯಿತು. ತಮ್ಮ ಜಿಲ್ಲಾ ಕಚೇರಿಗೆ ಹೋದೆ. ಅಲ್ಲಿಯ ಗುಮಾಸ್ತರು ಒಳ್ಳೆಯವರು, ಹಾಳೆಯನ್ನು ತಿರುಗಿಸಿ ಬೆರಳಿಟ್ಟು ತೋರಿಸಿದರು. "ಗಡುವು ಮುಗದು ಒಂಬತ್ತು ತಿಂಗಳಾತಲ್ರಿ. ಯಾರು ಹೇಳಿದ್ರು ನಿಮಗ ಜುಲೈತನಕ ಕಾಯ್ರಿ ಅಂತ?"

"ಒಬ್ಬ ಸಲಹೆಗಾರ" ಎಂದೆ.

"ಅಂಥವ್ರನ್ನ ನಂಬಬಾರ್ದ್ರಿ" ಎಂದರು ಅವರು. ನಾನು ಒಪ್ಪಿದೆ. ಮನೆಗೆ ಬಂದು ಲೆಕ್ಕ ಹಾಕಿ ನೋಡಿದರೆ ಇನ್ನೊಂದು ತಿಳಿಯಿತು. ಅದು ನಾನಂದುಕೊಂಡಂತೆ ತೆರಿಗೆ ರಿಯಾಯಿತಿಯೇ ಆಗಿದ್ದರೂ ಅವಳ ಸಂಬಳದ ಮೇಲಿನ ತೆರಿಗೆ ಎಷ್ಟು ಕಡಿಮೆ ಎಂದರೆ, ಅವಳಿಗೆ ಸಿಗುತ್ತಿದ್ದದ್ದು ಬ್ಯಾಟರಿ ಒರೆಸುವ ಬಟ್ಟೆಗಷ್ಟೇ ಸಾಲುತ್ತಿತ್ತು. ಅಂದರೆ ನಾನು ಮಾಡಿದ ತಪ್ಪಿನೊಳಗೂ ಒಂದು ತಪ್ಪಿತ್ತು.

ಇಲ್ಲಿಯವರೆಗಿನದು ಅಜ್ಞಾನ. ಮುಂದಿನದಕ್ಕೆ ಬೇರೆ ಹೆಸರಿದೆ. ನಾನು ಅವಳಿಗೆ ಹೇಳಲಿಲ್ಲ. ಐದು ತಿಂಗಳು ಹೇಳಲಿಲ್ಲ. ಅವಳ ಕಾರಿಗೆ ಸಪ್ಪಳವಿಲ್ಲದ್ದರಿಂದ ಬರುವುದು ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಕಚೇರಿಯ ಕಿಟಕಿಯ ಕಡೆಗೆ ಕುರ್ಚಿ ತಿರುಗಿಸಿಕೊಂಡು ಕುಳಿತೆ. ಕಂಡರೆ ಹಿಂದಿನ ಬಾಗಿಲಿಂದ ಚಹಾದಂಗಡಿಗೆ. ಒಮ್ಮೆ ಸಂತೆಯಲ್ಲಿ ಎದುರಾದಳು. "ಕಾಕಾ, ಏನಾರ ಸುದ್ದಿ ಬಂತೇನ್ರಿ?" ಎಂದಳು. "ಫೈಲ್ ಮ್ಯಾಲ ಹೋಗೇತಿ" ಎಂದೆ. ಅದು ಸುಳ್ಳಲ್ಲ. ಅಂದೇ ಅದನ್ನು ಕಪಾಟಿನ ಮೇಲಿನ ಹಲಗೆಗೆ ಸರಿಸಿದ್ದೆ.

ಡಿಸೆಂಬರಿನಲ್ಲಿ ಕಚೇರಿ ಗುಡಿಸಲು ಬಂದ ಮಹಾನಂದಾ ಆ ಫೈಲನ್ನು ಕಂಡು ನನ್ನಿಂದ ಎಲ್ಲ ಬಾಯಿಬಿಡಿಸಿದಳು. ಏನೂ ಕೂಗಾಡಲಿಲ್ಲ. "ನಾಳೆ ಬೇವೂರಿಗಿ ಆಕಿ ಜೋಡಿ ಹೋಗ್ರಿ. ಹೇಳಿ ಬರ್ರಿ" ಎಂದಳು. ಬೇವೂರಿನಲ್ಲಿ ಒಬ್ಬ ಗಿರಾಕಿಯನ್ನು ನೋಡಬೇಕೆಂದು ನೆವ ಹೇಳಿ ಮರುದಿನ ಅವಳ ಪಕ್ಕ ಕುಳಿತೆ. ಹೋಗುವಾಗ ಹೇಳಲಾಗಲಿಲ್ಲ. ಇಡೀ ದಿನ ಆರೋಗ್ಯ ಕೇಂದ್ರದ ಕಟ್ಟೆಯ ಮೇಲೆ ಕುಳಿತು ಅವಳು ಕೆಲಸ ಮಾಡುವುದನ್ನು ಕಿಟಕಿಯಿಂದ ನೋಡಿದೆ. ಒಬ್ಬ ಮುದುಕನ ರಕ್ತವನ್ನು ಎರಡನೆಯ ಸಲ ತೆಗೆದು, ಯಾಕೆ ಎಂದು ಅವನಿಗೆ ತಿಳಿಯುವ ಹಾಗೆ ಹೇಳಿದಳು. ಸಂಜೆ ತಿರುಗಿ ಬರುವಾಗ, ದಾರಿಯಲ್ಲಿ, ಎಲ್ಲ ಹೇಳಿದೆ. ಗಡುವು, ಹಿಂಬದಿ, ಜುಲೈ, ಕಪಾಟು.

ಅವಳು ಕಾರನ್ನು ಬದಿಗೆ ತಂದು ನಿಲ್ಲಿಸಿದಳು. ಕೀಲಿ ತಿರುಗಿಸಿ ಬಂದ್ ಮಾಡಿ, ಜೋಳದ ಹೊಲದ ಕಡೆ ಮುಖ ತಿರುಗಿಸಿದಳು.

"ನಾ ಲ್ಯಾಬಿನ್ಯಾಗ ಕೆಲಸ ಮಾಡಾಕಿರಿ" ಎಂದಳು ಆಮೇಲೆ. "ನನ್ನ ಕೈಲೆನೂ ತಪ್ಪಾಗ್ತೈತಿ. ಆದ್ರ ರಿಪೋರ್ಟ್ ತಪ್ಪಾಗೇತಿ ಅಂತ ಗೊತ್ತಾದ್ರ ಅದ ದಿನ ಮನಿಗಿ ಹೇಳಿಕಳಸ್ತೇನಿ. ಯಾಕಂದ್ರ ಅವ್ರು ಅದನ್ನ ನಂಬಿ ಗುಳಿಗಿ ತಿಂತಿರ್ತಾರ. ನೀವು ಐದು ತಿಂಗಳು ಇಟ್ಕೊಂಡ್ರಿ. ಜುಲೈನಾಗ ಹೇಳಿದ್ರ ನಾ ತಿಂಗಳಾ ಒಂದೀಟು ಬ್ಯಾಟರಿಗಿ ಅಂತ ತಗದು ಇಡ್ತಿದ್ದೆ. ಬರ್ತೈತಿ ಅಂತ ನಂಬಿ ಅಕ್ಕನ ಮಗಳು ಆಫ್ರೀನಳ ನರ್ಸಿಂಗ್ ಫೀ ಕಟ್ಟಿ ಕುಂತೀನಿ."

ತಪ್ಪಾಯಿತು ಎಂದೆ. ಆ ಹಣವನ್ನು ನಾನೇ ಕೊಡುತ್ತೇನೆ ಎಂದೂ ಹೇಳಿದೆ.

"ನಿಮ್ಮ ರೊಕ್ಕ ಬ್ಯಾಡ್ರಿ ಸರ್. ಅದು ನನಗ ಬರಬೇಕಾದದ್ದು, ಅವ್ರು ಕೊಡಬೇಕಾದದ್ದು. ತಪ್ಪು ಯಾರದು ಅಂತ ಬರದು ಕೊಡ್ರಿ, ಸಾಕು."

ಹುಟ್ಟಿದಾಗಿನಿಂದ ಕಾಕಾ ಎನ್ನುತ್ತಿದ್ದವಳು ಅಂದಿನಿಂದ ಸರ್ ಎನ್ನುತ್ತಾಳೆ. ನನ್ನನ್ನು ಅಲ್ಲಿಯೇ ಇಳಿಸಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳು ಮನೆಯ ಗೇಟಿನವರೆಗೆ ತಂದು ಬಿಟ್ಟಳು, ಬಾಗಿಲು ಸರಿಯಾಗಿ ಹಾಕಿಕೊಳ್ಳಿ ಎಂದಳು, ಹೋದಳು.

ಬರೆದು ಕೊಟ್ಟೆ, ಮಾನ್ಯರೇ. ಛಾಪಾ ಕಾಗದದ ಮೇಲೆ, ನೋಟರಿಯ ಮುಂದೆ, ನನ್ನ ದಡ್ಡತನಕ್ಕೆ ನಾನೇ ಪ್ರಮಾಣ ಮಾಡಿದೆ. ತಮ್ಮ ಕಚೇರಿ ಆರು ತಿಂಗಳು ಇಟ್ಟುಕೊಂಡು, 'ಮೂರನೆಯ ವ್ಯಕ್ತಿಯ ಹೇಳಿಕೆಯನ್ನು ಪರಿಗಣಿಸಲಾಗದು' ಎಂದು ಹಿಂದಿರುಗಿಸಿತು. ಎರಡನೆಯ ಸಲ ಹಾಕಿದೆವು. ತಮ್ಮ ನಮೂನೆಯಲ್ಲಿ ವಿಳಂಬಕ್ಕೆ ಒಪ್ಪಬಹುದಾದ ಕಾರಣಗಳಿವೆ: ಕಾಯಿಲೆ, ಕುಟುಂಬದಲ್ಲಿ ಸಾವು, ಪ್ರವಾಹ, ಬೆಂಕಿ, ಮತ್ತು 'ಅರ್ಜಿದಾರರ ಹಿಡಿತಕ್ಕೆ ಮೀರಿದ ಇತರೆ'. ನಾನು ಅರ್ಜಿದಾರಳ ಹಿಡಿತದಲ್ಲಿ ಯಾವಾಗ ಇದ್ದೆ? ನನ್ನ ಹೆಂಡತಿಯ ಹಿಡಿತಕ್ಕೇ ಮೂವತ್ತು ವರ್ಷದಿಂದ ಸಿಕ್ಕಿಲ್ಲ. 'ಇತರೆ' ಎಂಬ ಪದವನ್ನು ತಾವು ಯಾರಿಗಾಗಿ ಕಾದಿರಿಸಿದ್ದೀರಿ?

ಪ್ರೋತ್ಸಾಹ ಎಂದು ಹೆಸರಿಟ್ಟು, ಅದನ್ನು ಪಡೆಯುವ ದಾರಿಯನ್ನು ಹಾಳೆಯ ಬೆನ್ನಿಗೆ ಬರೆದರೆ ಯಾರಿಗೆ ಉತ್ತೇಜನ ಬರಬೇಕು? ತೆರಿಗೆಯಲ್ಲಿ ಇಪ್ಪತ್ತೆರಡು ವರ್ಷ ಕಳೆದವನೇ ಗುಂಡಿಗೆ ಬಿದ್ದನೆಂದರೆ, ರಕ್ತ ಪರೀಕ್ಷೆ ಮಾಡುವವಳು, ಗುಳೇದಗುಡ್ಡದಲ್ಲಿ ರವಿಕೆಯ ಖಣ ನೇಯುವವನು ಆ ಕಾಗದವನ್ನು ಹೇಗೆ ಓದಬೇಕು? ಹೀಗೆ ಕೇಳುವುದರಿಂದ ನನ್ನ ತಪ್ಪು ಕಡಿಮೆಯಾಗುವುದಿಲ್ಲ. ಪಾಲು ಮಾತ್ರ ಕೇಳುತ್ತಿದ್ದೇನೆ. ತಮ್ಮ ಕಚೇರಿ ಅದರಲ್ಲಿ ಸಣ್ಣದೊಂದು ಭಾಗ ಹೊರಲಿ.

ಈಗ ಆ ಬ್ಯಾಟರಿಯ ಮೂರು ವರ್ಷ ಮುಗಿದಿದೆ. ಮೊದಲು ಬೇವೂರಿಗೆ ಹೋಗಿ ಬಂದರೂ ಶಕ್ತಿ ಉಳಿಯುತ್ತಿತ್ತು. ಈಗ ಹೋಗಲಷ್ಟೇ ಸಾಲುತ್ತದೆ. ಆರೋಗ್ಯ ಕೇಂದ್ರದಲ್ಲಿ ಚಾರ್ಜಿಗೆ ಹಾಕಿ, ಕರೆಂಟು ಇದ್ದರೆ ಸಂಜೆ ಬರುತ್ತಾಳೆ. ಇಲ್ಲದಿದ್ದರೆ ಕಾರನ್ನು ಅಲ್ಲೇ ಬಿಟ್ಟು ಬಸ್ಸಿಗೆ ನಿಲ್ಲುತ್ತಾಳೆ. ಹೋದ ತಿಂಗಳು ಹೀಗೆ ಏಳು ದಿನ ಬಸ್ಸು ಹತ್ತಿದಳು. ಇದನ್ನು ಅವಳು ನನಗೆ ಹೇಳಲಿಲ್ಲ. ನವನಗರದ ನಿಲ್ದಾಣದಲ್ಲಿ ಅವಳು ಇಳಿಯುವುದನ್ನು ನಾನೇ ನೋಡಿದೆ. ಕೆಳಗೆ ನಿಂತಿದ್ದವರು ಅವಸರ ಮಾಡುತ್ತಿದ್ದರು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಅವಳ ಅರ್ಜಿಯನ್ನು ಮತ್ತೆ ತೆರೆಯಿರಿ. 'ಇತರೆ' ಎಂಬುದರ ಎದುರು ನನ್ನ ಹೆಸರು ಬರೆದು, ಅದು ಪ್ರವಾಹ, ಬೆಂಕಿಗಳಿಗೆ ಸಮಾನವೆಂದು ಒಪ್ಪಿಕೊಳ್ಳಿ. ಆ ಆದೇಶವನ್ನು ಒಂದೇ ಪದದಲ್ಲಿ, ಹಾಳೆಯ ಮುಂಬದಿಯಲ್ಲಿ, ಗಡುವನ್ನು ಮೊದಲ ಸಾಲಿನಲ್ಲಿ ಹಾಕಿ ಮತ್ತೆ ಹೊರಡಿಸಿ. ದಂಡ ಯಾರಿಗಾದರೂ ಹಾಕಲೇಬೇಕಿದ್ದರೆ ನನ್ನ ವಿಳಾಸ ಕೆಳಗಿದೆ.

ಅವಳನ್ನು ವಿಚಾರಣೆಗೆ ಕರೆಯುವುದಾದರೆ ತಪ್ಪದೆ ಬರುತ್ತಾಳೆ, ನಾನೇ ಜೊತೆಗೆ ಕರೆತರುತ್ತೇನೆ. ಆದರೆ ತಮ್ಮ ಕಚೇರಿ ಎರಡನೆಯ ಮಹಡಿಯಲ್ಲಿದೆ. ಮೂವತ್ತೆಂಟು ಮೆಟ್ಟಿಲು, ನಾನು ಹತ್ತಿ ಎಣಿಸಿದ್ದೇನೆ. ಆ ದಿನ ದಯವಿಟ್ಟು ತಾವೇ ಕೆಳಗೆ ಇಳಿದು ಬನ್ನಿ.

ಇಂತಿ,
ನೋಡದೆ ಹೇಳಿ, ನೋಡಿದ ಮೇಲೆ ಹೇಳದೆ ಕುಳಿತವನು,
ಯಂಕಪ್ಪ, ತೆರಿಗೆ ಸಲಹೆಗಾರ
(ಸದ್ಯಕ್ಕೆ ಸಲಹೆ ಕೊಡುತ್ತಿಲ್ಲ)
ನವನಗರ, ಬಾಗಲಕೋಟೆ