ಸುತ್ತಿಗೆಗೆ ಸಿಡಿಯದ ಬಿಲ್ಲೆ

ಕಲಬುರ್ಗಿ,
೧೨ ಫೆಬ್ರುವರಿ ೧೯೯೮

ಬಂಡೆಮ್ಮನವರಿಗೆ ಮುಕುಂದ ಮಾಡುವ ನಮಸ್ಕಾರಗಳು.

ನಿಮ್ಮ ಮಗ ದತ್ತಪ್ಪನನ್ನು ನಾನು ಆಸ್ಪತ್ರೆಗೆ ಸೇರಿಸಿದ ಉಪಕಾರಕ್ಕೆಂದು ನೀವು ಕಮಲಾಪುರದಿಂದ ಕಳಿಸಿದ ಕೆಂಪು ಬಾಳೆಹಣ್ಣು ತಲುಪಿತು. ಇನ್ನೂ ಮುಟ್ಟಿಲ್ಲ.

ಅಲ್ಯೂಮಿನಿಯಂ ಪುಡಿಯನ್ನೂ ಟೆಫ್ಲಾನನ್ನೂ ಒತ್ತಿ ಮಾಡಿದ ಬಿಲ್ಲೆಗಳನ್ನು ನಮ್ಮ ಪ್ರಯೋಗಾಲಯದಲ್ಲಿ ಬಂದೂಕಿನಂಥ ನಳಿಗೆಯಿಂದ ಉಕ್ಕಿನ ಹಲಗೆಗೆ ಹಾರಿಸಿ ಫೋಟೋ ತೆಗೆಯುತ್ತೇವೆ. ದತ್ತಪ್ಪ ಹೆದರಿದಾಗ ನಾನೇ ಒಂದು ಬಿಲ್ಲೆಯನ್ನು ಸುತ್ತಿಗೆಯಿಂದ ಬಡಿದು ತೋರಿಸಿದ್ದೆ. ಏನೂ ಆಗಲಿಲ್ಲ. ಗುಂಡಿನ ವೇಗದಲ್ಲಿ ಬಡಿದರೆ ಅದೇ ಬಿಲ್ಲೆ ಬೆಂಕಿಯಾಗಿ ಸಿಡಿಯುತ್ತದೆಂದು ನನಗೆ ಗೊತ್ತಿತ್ತು, ಹೇಳಲಿಲ್ಲ.

ಅವಘಡವಾದ ದಿನ ಕ್ಯಾಮೆರಾ ಹಿಂದೆ ನಿಂತಿದ್ದ ಅವನು, “ಅಡ್ಡ ಇಟ್ಟ ದಪ್ಪ ಗಾಜಿನಿಂದ ಫೋಟೋ ಮಸುಕಾಗ್ತದ್ರೀ ಸರ, ತೆಗೀಲೇನ್ರೀ?” ಎಂದ.

“ತೆಗಿ” ಎಂದೆ.

ಸೋಮವಾರ ಕಚೇರಿಯವರು ಒಂದು ಕಾಗದ ತಂದು ನಿಮ್ಮ ಹೆಬ್ಬೆಟ್ಟು ಕೇಳುತ್ತಾರೆ. ತಪ್ಪೆಲ್ಲ ದತ್ತಪ್ಪನದೇ ಎಂದು ಅದರಲ್ಲಿದೆ. ಅದನ್ನು ಬರೆದವನೂ ನಾನೇ. ದಯವಿಟ್ಟು ಒತ್ತಬೇಡಿ, ಈ ಪತ್ರ ತೋರಿಸಿ. ಶಾಲೆಯ ಮಾಸ್ತರರಿಂದ ಇದನ್ನು ಎರಡು ಸಲ ಓದಿಸಿಕೊಳ್ಳಿ.

ನಿನ್ನೆ ಅವನು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದಲ್ಲಿಂದಲೇ ಕೇಳಿದ: “ಫೋಟೋ ಚಲೋ ಬಂತೇನ್ರೀ ಸರ?”

“ಚಲೋ ಬಂದದ” ಎಂದೆ. ಸುಳ್ಳಲ್ಲ. ಅವನತ್ತ ಹಾರಿ ಬರುತ್ತಿರುವ ಕಿಡಿಯೂ ಅದರಲ್ಲಿ ಸ್ಪಷ್ಟವಾಗಿದೆ.

ಇಂತಿ,
ಮುಕುಂದ