ಅವಳಿಗಳ ಸಮಪಾಲು

ಕಿತೆರೆದ್ದೆ, ಮಸಾಕಾ
ಅಕ್ಟೋಬರ್ ೧೪, ಶನಿವಾರ ಬೆಳಿಗ್ಗೆ

ಪ್ರೀತಿಯ ಮಗ ಮುಬಿರುವಿಗೆ,

ಹೇಗಿದ್ದೀಯಪ್ಪಾ? ಸರೋವರದ ಗಾಳಿಗೆ ಹಿಡಿದಿದ್ದ ಆ ಕೆಮ್ಮು ಹೋಯಿತೋ, ಇನ್ನೂ ರಾತ್ರಿಯೆಲ್ಲ ದ್ವೀಪವನ್ನು ಎಬ್ಬಿಸುತ್ತಿದ್ದೀಯೋ? ಸೊಸೆಯ ಸೊಂಟನೋವು ಇಳಿದಿದೆಯೇ? ಮೀನು ಒಣಹಾಕುವಾಗ ದಿನವಿಡೀ ಬಗ್ಗಿಯೇ ಇರಬೇಡವೆಂದು ಹೇಳು. ನಾನು ಹೇಳಿದರೆ ಅತ್ತೆಯ ಮಾತಾಗುತ್ತದೆ, ನೀನು ಹೇಳಿದರೆ ಪ್ರೀತಿಯಾಗುತ್ತದೆ. ನನ್ನ ಪುಟ್ಟ ಕಿಜ್ಜಾ ಸ್ಟೂಲು ಹಿಡಿದು ನಿಲ್ಲುತ್ತಾನೆಂದು ದೋಣಿಯ ಬೋಸ್ಕೊ ಹೇಳಿದ. ಇನ್ನೂ ವರ್ಷ ತುಂಬಿಲ್ಲ, ಆಗಲೇ ನಿಲ್ಲುವ ಅವಸರ! ಅವಳಿಗಳ ಬೆನ್ನಿಗೆ ಹುಟ್ಟಿದವನಲ್ಲವೇ, ಮುಂದೆ ಹೋದ ಇಬ್ಬರನ್ನು ಹಿಡಿಯಬೇಕಲ್ಲ ಪಾಪ.

ನಾನು ಚೆನ್ನಾಗಿದ್ದೇನೆ. ಮಳೆ ಬಂದ ದಿನ ಮಂಡಿ ಮಾತಾಡುತ್ತದೆ, ಅಷ್ಟೇ. ಕಾಫಿ ಹಣ್ಣು ಕೆಂಪಾಗುತ್ತಿದೆ. ಮಿಡತೆಗಳು ಬರುವ ಕಾಲವೂ ಹತ್ತಿರವಾಯಿತು. ಈರುಳ್ಳಿ ಹಾಕಿ ಹುರಿದು ಒಂದು ಡಬ್ಬಿ ಕಳಿಸುತ್ತೇನೆ, ಬೋಸ್ಕೊ ದಾರಿಯಲ್ಲೇ ಮುಗಿಸದಿದ್ದರೆ. ಫೋನು ಇರುವಾಗ ಕಾಗದ ಯಾಕೆ ಎಂದು ಕೇಳಬೇಡ. ಫೋನಿನಲ್ಲಿ ನೀನು ನನ್ನ ಮಾತಿನ ಮಧ್ಯೆ ಬಾಯಿ ಹಾಕುತ್ತೀಯ, ಆಮೇಲೆ ಸಿಗ್ನಲ್ಲಿಗೆಂದು ನೀನು ಹತ್ತಿ ನಿಂತ ಗುಡ್ಡದಲ್ಲಿ ಗಾಳಿ ಬಾಯಿ ಹಾಕುತ್ತದೆ. ಕಾಗದ ಸುಮ್ಮನೆ ಕೇಳಿಸಿಕೊಳ್ಳುತ್ತದೆ. ಅವಳಿಗಳ ಪಾಠದ ಪುಸ್ತಕ ನೋಡಿ ಕಲಿತ ಅಕ್ಷರ ನನ್ನದು, ಸೊಟ್ಟಗಿದ್ದರೆ ನಗಬೇಡ.

ಶಾಲೆಗೆಂದು ನನ್ನ ಬಳಿ ಬಿಟ್ಟ ನಿನ್ನ ಅವಳಿಗಳು ಒಂದನೇ ತರಗತಿಯಲ್ಲಿ ಟೀಚರನ್ನು ಕುಣಿಸುತ್ತಿದ್ದಾರೆ. ಬಬಿರ್ಯೆಗೆ ಒಂದು ಹಲ್ಲು ಬಿತ್ತು. ನಕಾತೊ ಎರಡು ದಿನ ತನ್ನ ಗಟ್ಟಿ ಹಲ್ಲನ್ನು ಅಲ್ಲಾಡಿಸುತ್ತಾ ಕೂತಳು, ತನಗೂ ಬೀಳಲೇಬೇಕೆಂದು. ಅವಳಿಗಳ ಮನೆಯ ಕಟ್ಟಳೆ ನಿನಗೆ ಹೇಳಬೇಕೇ? ಒಬ್ಬಳಿಗೆ ಬಾಳೆಕಾಯಿಯ ದೊಡ್ಡ ಮುದ್ದೆ ಹೋದರೆ ಇನ್ನೊಬ್ಬಳಿಗೂ ಹೋಗಬೇಕು, ಒಬ್ಬಳ ತಲೆ ಸವರಿದರೆ ಇನ್ನೊಬ್ಬಳ ತಲೆಯೂ ಕಾದಿರುತ್ತದೆ. ತಪ್ಪಿದರೆ ಅವಳಿಗಳು ಮುನಿಯುತ್ತಾರೆ, ಮುನಿದರೆ ಹೆತ್ತವರ ಮೈ ಸುಡುತ್ತದೆ ಎಂದು ನನ್ನ ಅಜ್ಜಿಯ ಕಾಲದಿಂದ ನಂಬಿದ್ದೇವೆ. ನಾನೂ ನಂಬುತ್ತೇನೆ, ಯಾಕೆ ಸುಳ್ಳು ಹೇಳಲಿ.

ಆ ಕಟ್ಟಳೆಯಿಂದಲೇ ಅಲ್ಲವೇ ಆ ಸೂಜಿ ತಪ್ಪಿದ್ದು. ಒಂಬತ್ತು ತಿಂಗಳಿಗೆ ದಡಾರದ ಲಸಿಕೆ ಹಾಕಿಸಲು ಸೊಸೆ ಇಬ್ಬರನ್ನೂ ಹೊತ್ತು ಹೊರಟ ದಿನ ನಕಾತೊಗೆ ಮೈ ಬೆಚ್ಚಗಿತ್ತು. "ಒಬ್ಳಿಗೆ ಹಾಕಿಸಿ ಒಬ್ಳನ್ನ ಬಿಡೋಕಾಗುತ್ತಾ ಅತ್ತೆ? ಇಬ್ಬರಿಗೂ ಬೇಡ, ಇನ್ನೊಂದು ದಿನ ನೋಡೋಣ" ಎಂದು ಅರ್ಧ ದಾರಿಯಿಂದ ತಿರುಗಿ ಬಂದಳು. ಆ ಇನ್ನೊಂದು ದಿನಕ್ಕೆ ಬಬಿರ್ಯೆಗೆ ಭೇದಿ, ಮತ್ತೊಂದು ದಿನಕ್ಕೆ ಸೇತುವೆ ಮೇಲೆ ನೀರು, ಆಮೇಲೆ ನೀವು ದ್ವೀಪಕ್ಕೆ ಹೋದಿರಿ. ಅವಳನ್ನು ಬಯ್ಯುತ್ತಿಲ್ಲ, ಈ ಊರಿನ ಯಾವ ತಾಯಿಯೂ ಹಾಗೇ ಮಾಡುತ್ತಿದ್ದಳು. ಆಗ ದಡಾರವನ್ನು ಕಣ್ಣಾರೆ ನೋಡಿದವರೂ ಕಡಿಮೆ. ನಿಮ್ಮ ಕಾಲದ ಮಕ್ಕಳಿಗೆಲ್ಲ ಲಸಿಕೆ ಹಾಕಿಸಿದ್ದರಿಂದ ಅದು ಊರು ಬಿಟ್ಟು ಹೋಗಿತ್ತು. ಅದರ ಹಿಂದೆಯೇ ನಮ್ಮ ಹೆದರಿಕೆಯೂ ಹೋಗಿತ್ತು.

ಈಗ ಅದು ವಾಪಸು ಬಂದಿದೆ ಮಗನೇ. ನಮ್ಮ ಬೇಲಿಯಾಚೆಯ ತೆಯೊಪಿಸ್ತಾಳ ಮೊಮ್ಮಗ ಕಿಬೂಕಾ, ನಮ್ಮ ಹುಡುಗಿಯರ ಜೊತೆ ಶಾಲೆಗೆ ಹೋಗುವವನು, ಮೊದಲು ಕೆಮ್ಮಿದ, ಆಮೇಲೆ ಅವನ ಕಣ್ಣು ಕೆಂಪಾಯಿತು, ಆಮೇಲೆ ಕಿವಿಯ ಹಿಂದಿನಿಂದ ಶುರುವಾಗಿ ಮೈಯೆಲ್ಲ ಕೆಂಪು ದದ್ದು ಎದ್ದಿತು. ತೆಯೊಪಿಸ್ತಾ ನೋಡಿದವಳೇ ದನಿ ಇಳಿಸಿ, "ಅರಸುಕುಮಾರ ಬಂದಿದ್ದಾನೆ" ಎಂದಳು. ದಡಾರದ ಹೆಸರು ಹೇಳಬಾರದಲ್ಲ, ಮರ್ಯಾದೆ ಕೊಡಬೇಕಲ್ಲ. ಮನೆಯಲ್ಲಿ ಜಗಳ ನಿಲ್ಲಿಸಿದಳು, ಸೊಪ್ಪು ಕುದಿಸಿ ಮೈ ತೊಳೆದಳು, ಬಂದವರೆಲ್ಲ ಆ ಆರು ವರ್ಷದ ಹುಡುಗನ ಮುಂದೆ ಮಂಡಿಯೂರಿ "ಹೇಗಿದ್ದೀರಿ ದೊರೆ?" ಎಂದು ಕೇಳುವುದೇನು! ಆಸ್ಪತ್ರೆಗೆ ಕರೆದುಕೊಂಡು ಹೋಗೇ ಎಂದರೆ, "ಸೂಜಿ ಚುಚ್ಚಿದ್ರೆ ಅರಸುಕುಮಾರ ಮುನಿಸ್ಕೊಂಡು ಒಳಗಿಳಿತಾನೆ ಕಣೇ, ತಾನಾಗೇ ಬಂದವನು ತಾನಾಗೇ ಹೋಗಲಿ" ಎಂದು ನನ್ನ ಬಾಯಿಯನ್ನೇ ಮುಚ್ಚಿಸಿದಳು.

ಅರಸುಕುಮಾರ ತಾನಾಗಿ ಹೋಗಲಿಲ್ಲ, ಎದೆಗೆ ಇಳಿದ. ಹುಡುಗನ ಪಕ್ಕೆ ಒಳಕ್ಕೆ ಹೊರಕ್ಕೆ ಬಡಿಯುವುದನ್ನು ಕಂಡ ಮೇಲೆ ನಾನು ಮರ್ಯಾದೆಯನ್ನೆಲ್ಲ ಮೂಲೆಗಿಟ್ಟು, "ನಿನ್ನ ದೊರೆಗೆ ಉಸಿರಾಡಕ್ಕಾಗ್ತಿಲ್ಲ, ಏಳೇ ಮೇಲೆ!" ಎಂದು ಕೂಗಾಡಿ ಬಾಡಿಗೆಯ ಬೋಡಾ ಬೈಕು ತರಿಸಿ ಹತ್ತಿಸಿದೆ. ಬದುಕಿದ, ದೇವರು ದೊಡ್ಡವನು. ಆದರೆ ಕಿವಿ ಸೋರುತ್ತಿದೆ, ಎಡಗಡೆಯಿಂದ ಕರೆದರೆ ತಿರುಗುವುದಿಲ್ಲ. ತೆಯೊಪಿಸ್ತಾ ಈಗ ಅವನ ಬಲಗಡೆಗೇ ಹೋಗಿ ಮಾತಾಡುತ್ತಾಳೆ. ಅದನ್ನು ನೋಡಲಾಗುವುದಿಲ್ಲ ನನಗೆ.

ಅದನ್ನು ಕಂಡೇ ಮೊನ್ನೆ ನಿನಗೆ ಫೋನು ಮಾಡಿದ್ದು. ಊರ ಆರೋಗ್ಯದವರು ಚರ್ಚಿನ ಪಕ್ಕದ ಕಾಫಿ ಕಣದಲ್ಲಿ ಎಲ್ಲ ಮಕ್ಕಳಿಗೂ ಲಸಿಕೆ ಹಾಕುತ್ತಾರೆ, ಹುಡುಗಿಯರನ್ನು ಕರೆದುಕೊಂಡು ಹೋಗಲೇ ಎಂದು ಕೇಳಿದೆ. ನೀನು ಏನೆಂದೆ ನೆನಪಿದೆಯೇ? "ಅವಳಿಗಳ ಕೆಲಸ ಅಪ್ಪ ಅಮ್ಮ ಇಲ್ದೆ ಮಾಡಬಾರ್ದು ಅಂತ ನೀನೇ ಹೇಳಿಕೊಟ್ಟಿದ್ದು ಅಮ್ಮಾ. ಕ್ರಿಸ್ಮಸ್‌ಗೆ ಬರ್ತೀವಲ್ಲ, ಕಿಜ್ಜಾನೂ ಸೇರಿ ಮೂವರಿಗೂ ಒಂದೇ ಸಲ ಹಾಕಿಸೋಣ." ಅಷ್ಟರಲ್ಲಿ ಗಾಳಿ. ಊರೆಲ್ಲ ನಿನ್ನನ್ನು ಅವಳಿಗಳ ತಂದೆ, ಸಾಲೊಂಗೊ, ಎಂದು ಗೌರವದಿಂದ ಕರೆಯುತ್ತದೆ. ಸಾಲೊಂಗೊ ಬೇಡ ಎಂದ ಮೇಲೆ ಅಜ್ಜಿಯದೇನು ನಡೆಯುತ್ತದೆ? ಹಾಗೆಂದುಕೊಂಡೇ ಆ ರಾತ್ರಿ ಮಲಗಿದೆ, ನಿದ್ದೆ ಬರಲಿಲ್ಲ. ನೀನು ಹುಟ್ಟುವ ಮೊದಲು ಈ ಮನೆಯಲ್ಲಿ ನಕಿತ್ತೊ ಎಂಬ ಮಗು ಇದ್ದಳು, ನಿನ್ನ ಅಕ್ಕ. ಅವಳ ಮುಂದೆಯೂ ನಾವು ಮಂಡಿಯೂರಿದ್ದೆವು. ನೀನು ಅವಳನ್ನು ನೋಡಿಲ್ಲ, ಅದಕ್ಕೇ ಕ್ರಿಸ್ಮಸ್‌ವರೆಗೆ ಕಾಯಬಲ್ಲೆ. ನಾನು ನೋಡಿದ್ದೇನೆ ಮಗನೇ.

ಬೆಳಗಾದ ಮೇಲೆ ಇಬ್ಬರಿಗೂ ಒಂದೇ ಬಣ್ಣದ ಲಂಗ ತೊಡಿಸಿ ಹೊರಟೆ. ದಾರಿಯಲ್ಲಿ ನಕಾತೊ ಸೀನಿದಳು. ಹಣೆ ಮುಟ್ಟಿದೆ, ಬೆಚ್ಚಗಿತ್ತು. ಎಷ್ಟು ವರ್ಷದ ಮೇಲೆ, ಅದೇ ಹಣೆ, ಅದೇ ಬಿಸಿ! ನನ್ನ ಕಾಲು ತಾನಾಗಿ ಮನೆ ಕಡೆ ತಿರುಗಿತ್ತು. ಸಾಲಿನಲ್ಲಿದ್ದ ಹೆಂಗಸರು, "ಒಬ್ಳಿಗೆ ಹಾಕಿಸಿ ಒಬ್ಳನ್ನ ಬಿಟ್ಯೋ, ಸುಟ್ಕೋತೀಯ ಮುದುಕಿ" ಎಂದು ಬೇರೆ ಹೆದರಿಸಿದರು. ಆದರೂ ಕೇಳಿಯೇ ಹೋಗೋಣವೆಂದು ನರ್ಸ್ ಹತ್ತಿರ ಹೋದೆ. ಉತ್ತರದ ಕಡೆಯ ಹುಡುಗಿ, ಹೆಸರು ಅಪಿಯೊ. ನಕಾತೊಳ ಕಂಕುಳಲ್ಲಿ ಜ್ವರದ ಕಡ್ಡಿ ಇಟ್ಟು ನೋಡಿ, "ಇಷ್ಟು ನೆಗಡಿಗೆಲ್ಲ ಲಸಿಕೆ ಬಿಡಬೇಕಾಗಿಲ್ಲ ಅಜ್ಜಿ, ಧಾರಾಳವಾಗಿ ಹಾಕಬಹುದು" ಎಂದಳು. ಅಷ್ಟೇ! ಆವತ್ತು ಅರ್ಧ ದಾರಿಯಿಂದ ತಿರುಗುವ ಬದಲು ಒಂದು ಮಾತು ಕೇಳಿದ್ದರೆ ಇಷ್ಟೇ ಇತ್ತು. ನಾನು ಕಟ್ಟಳೆಯ ಮಾತು ತೆಗೆದೆ. ಅವಳು ನಕ್ಕು, "ನಾನೂ ಅವಳೀನೇ ಅಜ್ಜಿ. ನಮ್ಮ ಕಡೆ ಅಪಿಯೊ ಅಂದ್ರೆ ಮೊದಲು ಹುಟ್ಟಿದವಳು. ತಂಗಿ ಲೀರಾದಲ್ಲಿ ಟೀಚರ್, ನನಗಿಂತ ದಪ್ಪಗಿದ್ದಾಳೆ. ಬನ್ನಿ, ನಿಮ್ಮವರಿಗೆ ಒಂದೇ ಗಳಿಗೆಗೆ ಹಾಕಿಬಿಡ್ತೀವಿ" ಎಂದು ಇನ್ನೊಬ್ಬ ನರ್ಸನ್ನು ಕರೆದಳು. ಇಬ್ಬರೂ ಕೈ ಕೈ ಹಿಡಿದು ನಿಂತರು, ಆಚೆ ತೋಳಿಗೊಂದು, ಈಚೆ ತೋಳಿಗೊಂದು. ಬಬಿರ್ಯೆ ಅತ್ತಳು. ನಕಾತೊಗೆ ಅಳು ಬರಲಿಲ್ಲ; ಆದರೆ ಅಕ್ಕನ ಕಣ್ಣೀರು ಕಂಡು, ತನ್ನ ಪಾಲು ಕಡಿಮೆಯಾಯಿತೆಂದು ಜೋರಾಗಿ ಶುರು ಮಾಡಿದಳು. ಸಾಲಿಗೆ ಸಾಲೇ ನಕ್ಕಿತು. ಆಮೇಲೆ ಲಸಿಕೆ ಆದ ಗುರುತಿಗೆ ಇಬ್ಬರ ಕಿರುಬೆರಳಿಗೂ ಮಸಿ ಹಚ್ಚಿದರು. ಯಾರ ಮಸಿ ಹೆಚ್ಚು ಎಂದು ಮನೆವರೆಗೂ ಜಗಳ. ರಾತ್ರಿ ಸ್ವಲ್ಪ ಮೈ ಬಿಸಿಯಾಯಿತು, ಈಗ ಹಲಸಿನ ಮರದ ಕೆಳಗೆ ಕಿರುಚುತ್ತಿದ್ದಾರೆ. ಇನ್ನೊಂದು ಸಲ ಹಾಕಿಸಬೇಕಂತೆ, ಹಾಕಿಸುತ್ತೇನೆ. ನಿನ್ನ ಮಾತು ಮೀರಿದೆ. ಬಂದು ನನ್ನ ಎದುರಿಗೇ ಕೂತು ಬಯ್ಯಿ, ಕಡಲೆಕಾಯಿ ಸಾರು ಮಾಡಿಟ್ಟಿರುತ್ತೇನೆ.

ಸೊಸೆಗೆ ನನ್ನ ಪ್ರೀತಿ. ಬಲೆ ಎಳೆಯುವಾಗ ನಿನ್ನ ಕೈಗೆ ಬಲ ಬರಲಿ, ಸರೋವರ ನಿನ್ನನ್ನು ಸಂಜೆ ಸಂಜೆ ದಡಕ್ಕೆ ತಂದು ಬಿಡಲಿ.

ನಿನ್ನ ಅಮ್ಮ,
ಪೌಲಿನಾ ನಕಿವಾಲಾ

ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ಕಾಗದ ಒಯ್ಯಲು ಬಂದ ಬೋಸ್ಕೊ ಬಾಗಿಲಲ್ಲಿ ನಿಂತು ಈಗಷ್ಟೇ ಹೇಳಿದ: ನಿಮ್ಮ ರೇವಿನಲ್ಲೂ ಇಬ್ಬರು ಮಕ್ಕಳಿಗೆ ಕಣ್ಣು ಕೆಂಪಾಗಿ ಮೈಮೇಲೆ ದದ್ದು ಎದ್ದಿದೆಯಂತೆ, ಜನ ದನಿ ಇಳಿಸಿ ಮಾತಾಡುತ್ತಿದ್ದಾರಂತೆ. ಮುಬಿರು, ಕ್ರಿಸ್ಮಸ್‌ವರೆಗೆ ಕಾಯಬೇಡ. ಕಿಜ್ಜಾನನ್ನು ಆ ಮನೆಗಳ ಕಡೆ ಒಯ್ಯಬೇಡ, ಈ ಕಾಗದ ಓದಿದ ಕೂಡಲೇ ಬೋಸ್ಕೊನ ದೋಣಿಯಲ್ಲೇ ಕಲಂಗಾಲಾ ಆಸ್ಪತ್ರೆಗೆ ಒಯ್ಯಿ. ಅವನು ಕಾಯುತ್ತಾನೆ, ಮಾತಾಡಿದ್ದೇನೆ. ಕಿಜ್ಜಾ ಅವಳಿಯಲ್ಲ, ಅವನು ಯಾರಿಗೂ ಕಾಯಬೇಕಾಗಿಲ್ಲ. ಅವಳಿಗಳೂ ಬೋಸ್ಕೊನ ಮಾತು ಕೇಳಿಸಿಕೊಂಡು ಓಡಿ ಬಂದು, "ಅಜ್ಜಿ, ಕಿಜ್ಜಾನ ಬೆರಳಿಗೆ ಮಸಿ ಹಾಕಿದ್ದಾರಾ?" ಎಂದು ಕೇಳಿದರು. ಇಲ್ಲ ಎಂದೆ. "ನಮಗೆ ಕೊಟ್ಟಿದ್ದು ಅವನಿಗೆ ಕೊಡ್ಲಿಲ್ಲ ಅಂದ್ರೆ ನಾವು ಮುನಿಸ್ಕೋತೀವಿ ಅಂತ ಅಪ್ಪನಿಗೆ ಬರಿ" ಎಂದರು. ಬರೆದಿದ್ದೇನೆ. ಅಲ್ಲಿ ಮಸಿ ಹಚ್ಚುವ ರೂಢಿ ಇಲ್ಲದಿದ್ದರೂ ಕೇಳಿ ಒಂದು ಚುಕ್ಕೆ ಹಾಕಿಸಿಕೊಂಡು ಬಾ. ಬಂದ ದಿನ ಈ ಇಬ್ಬರೂ ಮೊದಲು ನೋಡುವುದು ಅವನ ಕಿರುಬೆರಳನ್ನೇ.