ನೀರಿನಲ್ಲಿ ಕಂಡ ಕೋಟು

ಮನೆಯ ಮಹಡಿ,
ಮಂಗಳವಾರ ಸಂಜೆ

ನಮ್ಮ ಮನೆಯವರಿಗೆ, ಪ್ರೀತಿಯಿಂದ.

ಹೇಗಿದ್ದೀರಿ? ಹಡಗಿನ ಥಂಡಿಗೆ ಆ ಕೆಮ್ಮು ಮತ್ತೆ ಶುರುವಾಗಿಲ್ಲ ತಾನೆ? ನಿಮ್ಮ ಕಾಗದ ಬಂದು ಎರಡು ತಿಂಗಳಾಯಿತು. ಯುದ್ಧಕಾಲದ ಅಂಚೆ ತಡವೆಂದು ಅತ್ತೆಗೆ ಹೇಳುತ್ತೇನೆ. ನನಗೂ ಅದನ್ನೇ ಹೇಳಿಕೊಳ್ಳುತ್ತೇನೆ.

ನಮ್ಮ ಜಾಹೀರಾತು ಕಚೇರಿಯಲ್ಲಿ ಈಗ ಸೋಪು, ತಲೆಯೆಣ್ಣೆಯ ಚಿತ್ರಗಳಿಲ್ಲ. ಸರ್ಕಾರ ಕೇಳಿತೆಂದು ಎಲ್ಲ ಕಂಪನಿಗಳೂ ಸೇರಿ ಬಿಟ್ಟಿಯಾಗಿ ಭಿತ್ತಿಚಿತ್ರ ಮಾಡಿಕೊಡುತ್ತಿವೆ: ಎಣ್ಣೆ ಉಳಿಸಿ, ರಕ್ತ ಕೊಡಿ, ಗುಟ್ಟು ಕಾಯಿರಿ. ಮಾರಲು ಏನೂ ಇಲ್ಲದ ಜಾಹೀರಾತನ್ನು ನಾನು ಕಂಡದ್ದು ಇದೇ ಮೊದಲು. ನೀವು ಸೋಪಿನ ಕವಿ ಎಂದು ಹೆಸರಿಟ್ಟಿದ್ದ ನಮ್ಮ ಬರಹಗಾರರಿಗಂತೂ ಭಾರಿ ಹುರುಪು. "ಇಷ್ಟು ವರ್ಷ ಇಲ್ಲದ ಗುಣ ಹೇಳಿ ಕಾಸು ತಗೊಂಡೆ ತಾಯಿ, ಈಗ ನಿಜ ಹೇಳ್ತೀನಿ, ಅದೂ ಪುಕ್ಕಟೆ!" ಅವರ ಸಾಲು: "ಇವನ ಹಡಗು ಹೊರಡುವ ದಿನವನ್ನು ಶತ್ರುವಿಗೆ ಮುಟ್ಟಿಸಿದ ಮಾತು ಯಾರದು?" ನನ್ನ ಚಿತ್ರ: ಎದೆಮಟ್ಟ ನೀರಲ್ಲಿ ಮುಳುಗುತ್ತಿರುವ ನಾವಿಕ. ನಿಮ್ಮ ಹೋಲಿಕೆ ಬರದಿರಲೆಂದು ಮೂಗು, ಹುಬ್ಬು ಎಲ್ಲ ಬೇರೆ ಮಾಡಿದೆ. ನಿಮ್ಮ ಕೋಟಿನ ಕಾಲರನ್ನು ಮಾತ್ರ ಕೈ ತನ್ನಷ್ಟಕ್ಕೆ ಬರೆದುಬಿಟ್ಟಿತು.

ಹಾಲಿನಂಗಡಿಯ ಗೋಡೆಯ ಮೇಲೆ ಅತ್ತೆ ಅದನ್ನು ನೋಡಿದರು. ಆ ಅಗಲ ಕಾಲರು ಅವರೇ ನಿಂತು ಹೊಲಿಸಿದ್ದಲ್ಲವೆ? ದರ್ಜಿಯ ಅಂಗಡಿ ತುಂಬ ಜನ. "ಗುರುವಾರ ಹಡಗು ಹೊರಡುತ್ತಪ್ಪಾ, ಬುಧವಾರ ಕೊಡ್ದಿದ್ರೆ ನಿನ್ನ ಕತ್ತರಿ ಕಿತ್ಕೊಂಡು ಹೋಗ್ತೀನಿ" ಎಂದು ಜೋರು ಮಾಡಿದ್ದರು. ನಾವಿಬ್ಬರೂ ನಕ್ಕಿದ್ದೆವು.

ಬೀದಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದವರು ಈಗ ಹಾಲಿನವನಿಗೂ ಬೆರಳಲ್ಲೇ ಲೆಕ್ಕ ತೋರಿಸುತ್ತಾರೆ. ನಿನ್ನೆ ಒಮ್ಮೆ ಬಾಯಿಬಿಟ್ಟರು: "ಅವತ್ತು ಅಂಗಡೀಲಿದ್ದೋರು ಯಾರಾದ್ರೂ ಹೇಳಿರಬಹುದೇನೇ?" ಖಂಡಿತ ಇಲ್ಲ ಎಂದೆ. "ಹಾಗಾದ್ರೆ ಗೋಡೆ ಮೇಲೆ ಯಾಕೆ ಸುಳ್ಳು ಬರೆದೆ?" ಎಂದರು. ಅದೇ ಚಿತ್ರವನ್ನು ಇನ್ನೂ ದೊಡ್ಡದಾಗಿ ಅಚ್ಚು ಹಾಕುತ್ತಾರಂತೆ. ಜನರ ಮನಸ್ಸಿಗೆ ಚೆನ್ನಾಗಿ ನಾಟಿದೆಯೆಂದು ಕಚೇರಿಯ ಸಾಹೇಬರು ಬೆನ್ನು ತಟ್ಟಿದರು.

ಕತ್ತಿಗೆ ಬಟ್ಟೆ ಸುತ್ತಿಕೊಳ್ಳಿ. ಎಲ್ಲಿದ್ದರೂ ಕ್ಷೇಮವಾಗಿರಿ.

ನಿಮ್ಮವಳು

ತಾ.ಕ.: ಅಂಚೆ ಮುಚ್ಚುವ ಹೊತ್ತಾಯಿತು. ಈಗಷ್ಟೇ ಅತ್ತೆಯ ಹಾಸಿಗೆ ಕೊಡವಿದೆ. ಗೋಡೆಯಿಂದ ಒಂದು ಚಿತ್ರ ಕಿತ್ತು ತಂದು, ನೀರನ್ನೆಲ್ಲ ಕತ್ತರಿಯಿಂದ ಕತ್ತರಿಸಿ ತೆಗೆದು, ಕಾಲರಿನಿಂದ ಮೇಲಿನದನ್ನಷ್ಟೇ ದಿಂಬಿನಡಿ ಇಟ್ಟುಕೊಂಡಿದ್ದಾರೆ. ಇದು ನಿಮ್ಮ ಕೈಸೇರಿದರೆ ಉತ್ತರ ನನಗೆ ಬೇಡ, ಅವರ ಹೆಸರಿಗೆ ಬರೆಯಿರಿ. ಕೋಟು ಬೆಚ್ಚಗಿದೆ ಎಂದಷ್ಟೇ ಬರೆದರೂ ಸಾಕು.